ಗುಡುಗಿಗೆ ಕಿತ್ತ ಪ್ಲಗ್ಗು

"ಆ ಸ್ವಿಚ್ಚು ಮುಟ್ಟಿದರೆ ಕೈ ಮುರಿದು ಹಾಕ್ತೇನೆ!"

ಜಲಜಾಕ್ಷಿಯ ಸ್ವರಕ್ಕೆ ಹಂಚಿನ ಮಾಡಿನ ಪಾರಿವಾಳಗಳು ಪಟಪಟನೆ ಹಾರಿದವು. ರೋಹಿತನ ಬೆರಳು ಗೋಡೆಯ ಸ್ವಿಚ್ಚಿಗೆ ತಾಗುವಷ್ಟರಲ್ಲಿ ಹಾಗೇ ನಿಂತಿತು. ಮೇಜಿನ ಮೇಲಿನ ಕಂಪ್ಯೂಟರಿನ ಪ್ಲಗ್ಗನ್ನು ಅವನು ಆಗಲೇ ಸಾಕೆಟ್ಟಿಗೆ ಸಿಕ್ಕಿಸಿ ಆಗಿತ್ತು. ಇನ್ನು ಅದುಮುವುದೊಂದೇ ಬಾಕಿ.

ಬೆಳ್ತಂಗಡಿಯಲ್ಲಿ ಎಸ್.ಐ. ಆಗಿ ನಿವೃತ್ತಿಯಾದ ಮೇಲೆ ಜಲಜಾಕ್ಷಿಯ ಮಂಡಿ ಸವೆದಿತ್ತೇ ಹೊರತು ಗಂಟಲು ಸವೆದಿರಲಿಲ್ಲ. ಕುಂಟುತ್ತಲೇ ಬಂದು ಅವನಿಗೂ ಗೋಡೆಗೂ ನಡುವೆ ನಿಂತಳು. ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಳು.

"ಎಂತ ಮೇಡಂ ಇದು? ಆನ್ ಮಾಡಿ ನೋಡಿದರೆ ಆಯ್ತಲ್ಲ?" ರೋಹಿತ್ ನಗಲು ನೋಡಿದ. "ಅದರಲ್ಲಿ ಏನಾದರೂ ಉಂಟಾ ಇಲ್ವಾ ಅಂತ ಗೊತ್ತಾಗ್ತದೆ. ನಿಮ್ಮ ಕೆಲಸವೂ ಮುಗೀತದೆ."

"ನನ್ನ ಕೆಲಸ ಮುಗಿಸಲಿಕ್ಕೆ ನಿಮಗೆ ಯಾಕೆ ಅಷ್ಟು ಅವಸರ?"

ಪಾಣೆಮಂಗಳೂರಿನ ಹಳೇ ಹಂಚಿನ ಗೋದಾಮಿನ ಮಹಡಿ ಅದು. ಈ ಯಂತ್ರ ಕಟ್ಟಿದ ಶಿಶಿರ್ ಸತ್ತು ಬಿದ್ದದ್ದು ಇಲ್ಲಿಯೇ. ಗುಡುಗು ಸಿಡಿಲಿನ ಸಂಜೆ, ಒಂದು ಕೈ ಈ ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಯ ಮೇಲೆ, ಅಂಗೈಯಲ್ಲಿ ಸುಟ್ಟ ಗಾಯ. ಪೆಟ್ಟಿಗೆಗೆ ಕರೆಂಟು ಹರಿದಿದೆ, ಅರ್ತಿಂಗ್ ತಂತಿ ಸಡಿಲ ಇತ್ತು ಎಂದು ವೈರಿಂಗ್ ಮಾಡಿದ ಸಂದೇಶನನ್ನು ಪೊಲೀಸರು ಒಳಗೆ ಹಾಕಿದ್ದರು. ಶಿಶಿರನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದರೂ ಸಂದೇಶನಿಗೆ ಜಾಮೀನು ಸಿಕ್ಕಿರಲಿಲ್ಲ.

ಬಾಗಿಲ ಪಕ್ಕದ ಸ್ಟೂಲಿನಲ್ಲಿ ಸೆರಗಿನ ತುದಿ ಹಿಂಡುತ್ತಾ ಕುಳಿತವಳು ಸಂದೇಶನ ಅಕ್ಕ ಮೋಹಿನಿ. ಪುಂಜಾಲಕಟ್ಟೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು, ತಾಯಿಯಿಲ್ಲದ ತಮ್ಮನನ್ನು ಹೊಲಿಗೆ ಮಿಷನ್ನು ತುಳಿದೇ ದೊಡ್ಡ ಮಾಡಿದವಳು. ಜಲಜಾಕ್ಷಿಯ ಕಾಲು ಹಿಡಿದು ಈ ಕೇಸಿಗೆ ಎಳೆದು ತಂದವಳೂ ಅವಳೇ. "ಆ ದಿನ ಅವ ಪಾಣೆಮಂಗಳೂರಿಗೆ ಕಾಲೇ ಇಟ್ಟಿಲ್ಲ ಜಲಜಕ್ಕ. ಸಂಜೆ ನಾನೇ ಗಂಜಿ ಬಡಿಸಿದ್ದು" ಎಂದು ದೈವದ ಮೇಲೆ ಆಣೆ ಹಾಕಿದ್ದಳು.

"ಮೇಡಂ ಹೇಳಿದ್ದು ಸರಿ ರೋಹಿತಣ್ಣ," ಎಂದಳು ಪ್ರಾಪ್ತಿ, ಮೇಜಿನ ಹಿಂದಿನಿಂದ. ಅವಳ ಮುಖ ಬಿಳುಚಿಕೊಂಡಿತ್ತು. "ಹಾಗೇ ಆನ್ ಮಾಡಿದ್ದರೆ ಎಲ್ಲ ಹೋಗ್ತಿತ್ತು."

ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುವ ಪ್ರಾಪ್ತಿ, ಶಿಶಿರನ ಜೊತೆ ಕೂತು ಈ ಯಂತ್ರದ ಕೆಲಸ ಮಾಡಿದವಳು. ಇಬ್ಬರ ನಡುವೆ ಕೆಲಸ ಮಾತ್ರವೇ ಇತ್ತೋ ಇನ್ನೂ ಏನಾದರೂ ಇತ್ತೋ, ಜಲಜಾಕ್ಷಿ ಕೇಳಿರಲಿಲ್ಲ. ಅವಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದರೆ ಕೇಳುವ ಅಗತ್ಯವೂ ಇರಲಿಲ್ಲ.

"ಆನ್ ಮಾಡಿದರೆ ಹೋಗುವುದಾ?" ಜಲಜಾಕ್ಷಿ ಹುಬ್ಬು ಗಂಟಿಕ್ಕಿದಳು. "ಆಫ್ ಆದಾಗಲೇ ಹೋಗಲಿಲ್ವಾ ಮಗಾ? ಪೊಲೀಸರ ಕಂಪ್ಯೂಟರ್‌ನವ ಡಿಸ್ಕು ಬಿಚ್ಚಿಕೊಂಡು ಹೋಗಿ, ಒಳಗೆ ಎಂತದೂ ಇಲ್ಲ, ಖಾಲಿ ಅಂತ ಬರೆದುಕೊಟ್ಟಿದ್ದಾನೆ."

"ಅವರು ತಕೊಂಡು ಹೋದದ್ದು ಬರೀ ಸಿಪ್ಪೆ ಮೇಡಂ, ತಿರುಳು ಇಲ್ಲೇ ಉಂಟು." ಪ್ರಾಪ್ತಿ ಪೆಟ್ಟಿಗೆಯ ಪಕ್ಕದ ಮುಚ್ಚಳ ಸರಿಸಿದಳು. ಒಳಗೆ ಬೆರಳುದ್ದದ ಹಸಿರು ಪಟ್ಟಿಗಳು ಸಾಲಾಗಿ ನಿಂತಿದ್ದವು. "ಎಲ್ಲ ಕಂಪ್ಯೂಟರಿನಲ್ಲೂ ಬರೆದದ್ದು ಮೊದಲು ಮೆಮೊರಿಗೆ ಹೋಗ್ತದೆ, ಮತ್ತೆ ನಿಧಾನಕ್ಕೆ ಡಿಸ್ಕಿಗೆ. ಕರೆಂಟು ಹೋದರೆ ಮೆಮೊರಿ ಖಾಲಿ. ಇದು ಹಾಗಲ್ಲ. ಕರೆಂಟು ಹೋದರೂ ಇದು ಮರೆಯುವುದಿಲ್ಲ."

"ಮರೆಯುವುದಿಲ್ಲ?"

"ವರ್ಷಗಟ್ಟಲೆ ಮರೆಯುವುದಿಲ್ಲ."

ಜಲಜಾಕ್ಷಿಗೆ ಕೈಯಲ್ಲಿದ್ದ ಪ್ಲಗ್ಗು ಹಾವಿನಂತೆ ತಣ್ಣಗೆ ತಾಗಿತು. ಪೊಲೀಸರು, ಲ್ಯಾಬಿನವರು, ತಾನೂ ಸೇರಿ, ಇಷ್ಟು ದಿನ ಸಾಕ್ಷಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಊರೆಲ್ಲ ಸುತ್ತಿದ್ದೆವಲ್ಲ! ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ.

"ಹಾಗಾದರೆ ಆನ್ ಮಾಡಿದರೆ ಯಾಕೆ ಹೋಗುವುದು?"

"ಅದೇ ಶಿಶಿರನ ಫೈಲ್ ಸಿಸ್ಟಮ್ ಮೇಡಂ. ಯಾವ ಸಾಮಾನು ಎಲ್ಲಿ ಉಂಟು ಅಂತ ನೋಡಿಕೊಳ್ಳುವ ವ್ಯವಸ್ಥೆ. ಡಿಸ್ಕಿಗೆ ಅಂತ ಮಾಡಿದ ಹಳೇ ಕ್ರಮ ಇದಕ್ಕೆ ಆಗುವುದಿಲ್ಲ. ಇಲ್ಲಿ ಬರೆದದ್ದು ಮೊದಲು ಪ್ರೊಸೆಸರಿನ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಮತ್ತೆ ಅದಕ್ಕೆ ಮನಸ್ಸು ಬಂದ ಹಾಗೆ ಒಳಗೆ ಹೋಗ್ತದೆ. ಹಿಂದಿನದ್ದು ಮುಂದೆ, ಮುಂದಿನದ್ದು ಹಿಂದೆ. ಆಗ ಕರೆಂಟು ಹೋದರೆ ಎಲ್ಲ ಕಲಸುಮೇಲೋಗರ."

"ಮತ್ತೆ?"

"ಶಿಶಿರ್ ಒಂದು ನಿಯಮ ಕಟ್ಟಿದ. ಹೊಸ ಮನೆಗೆ ಹೋಗುವ ಹಾಗೆ. ಮೊದಲು ಸಾಮಾನು ಎಲ್ಲ ಸಾಗಿಸಬೇಕು. ಎಲ್ಲ ಒಳಗೆ ಹೋಯ್ತು ಅಂತ ಖಾತ್ರಿಯಾದ ಮೇಲೆ, ಕಟ್ಟಕಡೆಗೆ ಹೆಸರಿನ ಬೋರ್ಡು. ಬೋರ್ಡು ಹಾಕುವುದು ಒಂದೇ ಏಟಿಗೆ, ಅರ್ಧ ಬೋರ್ಡು ಅಂತ ಇಲ್ಲ."

"ಸಾಮಾನು ಬಂದು, ಬೋರ್ಡು ಹಾಕುವ ಮೊದಲೇ ಕರೆಂಟು ಹೋದರೆ?"

"ಯಂತ್ರಕ್ಕೆ ಹಳೇ ಮನೆಯೇ ಮನೆ. ಮತ್ತೆ ಕರೆಂಟು ಬಂದ ಕೂಡಲೇ ಅದು ತಾನಾಗಿಯೇ ಏಳ್ತದೆ, ಬೋರ್ಡಿಲ್ಲದ ಮನೆಗಳನ್ನು ಹುಡುಕಿ ಗುಡಿಸಿ ಹಾಕ್ತದೆ. ಅಷ್ಟೇ."

ಜಲಜಾಕ್ಷಿ ನಿಧಾನವಾಗಿ ರೋಹಿತನತ್ತ ತಿರುಗಿದಳು.

ಶಿಶಿರನ ದೊಡ್ಡಮ್ಮನ ಮಗ ರೋಹಿತ್. ದುಬೈಯಲ್ಲೇ ಹುಟ್ಟಿ ಬೆಳೆದು, ಈಗ ಎರಡು ವರ್ಷದಿಂದ ಪುತ್ತಿಗೆಯ ಮನೆಯಲ್ಲಿ ಇದ್ದವನು. ಈ ಗೋದಾಮು ಅವನ ಹೆಸರಿನಲ್ಲೇ ಇತ್ತು. ಶಿಶಿರನ ಫೈಲ್ ಸಿಸ್ಟಮ್ ನೋಡಿ ಕೊಂಡುಕೊಳ್ಳಲು ಸೋಮವಾರ ಹೊರದೇಶದಿಂದ ಜನ ಬರುವವರಿದ್ದರು. ಅವರನ್ನು ಕರೆಸಿದವನೂ ಅವನೇ.

"ಇದೆಲ್ಲ ನಿಮಗೆ ಗೊತ್ತಿತ್ತಾ?"

"ನನಗೆ ಹೇಗೆ ಗೊತ್ತಾಗುವುದು? ನಾನು ಬಿಸಿನೆಸ್ ನೋಡುವವ." ರೋಹಿತ್ ಎಡಗೈಯ ಮಣಿಕಟ್ಟನ್ನು ಉಜ್ಜಿಕೊಂಡ. ಅಲ್ಲಿ ಬಿಸಿಲಿಗೆ ಕಂದದ ಅಗಲವಾದ ಬಿಳಿ ಪಟ್ಟಿ ಇತ್ತು. "ಸೋಮವಾರ ಬರುವವರಿಗೆ ಯಂತ್ರ ನಡೀತದೆ ಅಂತ ತೋರಿಸಬೇಕು. ಅಷ್ಟೇ."

"ಇದನ್ನು ನೋಡಿ." ಜಲಜಾಕ್ಷಿ ಮೊಬೈಲು ಎದುರಿಗೆ ಹಿಡಿದಳು. ಶಿಶಿರ್ ಬಿದ್ದಿದ್ದಾಗ ಪೊಲೀಸರು ತೆಗೆದ ಫೋಟೋ. "ಇದರಲ್ಲಿ ಎಂತ ಕಾಣ್ತದೆ?"

ರೋಹಿತ್ ಮುಖ ತಿರುಗಿಸಿದ. "ನನ್ನ ತಮ್ಮ ಕಾಣ್ತಾನೆ ಮೇಡಂ. ಸಾಕು."

"ಗೋಡೆ ನೋಡಿ. ಪ್ಲಗ್ಗು ಎಲ್ಲಿ ಉಂಟು?"

"ಸಾಕೆಟ್ಟಿನಲ್ಲಿ. ಮತ್ತೆ ಎಲ್ಲಿರಬೇಕು?"

ಜಲಜಾಕ್ಷಿಯ ಮುಖದಲ್ಲಿ ನಗೆಯಂತಹ ಏನೋ ಸುಳಿದು ಹೋಯಿತು. ಬಾಗಿಲ ಬಳಿ ಮೋಹಿನಿ ತಲೆ ಎತ್ತಿದಳು. ಅವಳಿಗೂ ಹೊಳೆದಿತ್ತು.

"ಮೋಹಿನೀ, ನೀನು ಹೇಳು. ಗುಡುಗು ಶುರುವಾದರೆ ಮನೆಯಲ್ಲಿ ಮೊದಲು ಎಂತ ಮಾಡ್ತಿ?"

"ಪ್ಲಗ್ಗು ತೆಗೀತೇನೆ ಜಲಜಕ್ಕ. ಟೀವಿದು, ಮಿಕ್ಸಿದು, ಎಲ್ಲದ್ದೂ. ಒಣಗಲು ಹಾಕಿದ ಬಟ್ಟೆ ಮತ್ತೆ."

"ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಯಾವ ಮನೆಗೆ ಬೇಕಾದರೂ ಹೋಗಿ ಕೇಳಿ ರೋಹಿತ್. ಸಿಡಿಲಿಗೆ ಮನೆ ಮನೆಯಲ್ಲಿ ಜನ ಸತ್ತ ಊರು ಇದು. ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತುಂಟು, ಗುಡುಗಿದರೆ ಪ್ಲಗ್ಗು ಕೀಳಬೇಕು ಅಂತ. ಆ ಸಂಜೆ ಆಕಾಶ ಬಿರಿಯುವ ಹಾಗೆ ಗುಡುಗಿತ್ತು. ಶಿಶಿರ್ ಅಷ್ಟು ಬೆಲೆಬಾಳುವ ಯಂತ್ರದ ಪ್ಲಗ್ಗು ಬಿಟ್ಟು ಕೂತಿದ್ದನಾ?"

ರೋಹಿತ್ ಮತ್ತೆ ಮೊಬೈಲಿನತ್ತ ಬಗ್ಗಿದ. ಅಪಾರ್ಟ್‌ಮೆಂಟಿನ ಹದಿನಾರನೇ ಮಾಳಿಗೆಯಲ್ಲಿ ಬೆಳೆದವನಿಗೆ ಇಂಥದ್ದನ್ನು ಯಾರು ಹೇಳಿಕೊಟ್ಟಾರು?

"ಪ್ರಾಪ್ತಿ, ನೋಡುವ," ಎಂದಳು ಜಲಜಾಕ್ಷಿ. "ಗುಡಿಸದೆ ನೋಡಲಿಕ್ಕೆ ಆಗ್ತದಾ?"

"ಈ ಪೆನ್‌ಡ್ರೈವ್ ಸಿಕ್ಕಿಸಿ ಎಬ್ಬಿಸಿದರೆ ಆಗ್ತದೆ. ನೋಡ್ತದೆ, ಮುಟ್ಟುವುದಿಲ್ಲ. ಆದರೆ ಬಂಟ್ವಾಳದ ಎಸ್.ಐ. ಅವರು ಸಾಕ್ಷಿಗೆ ಪಂಚರನ್ನು ಕರಕೊಂಡು ಬರುವವರೆಗೆ ಕಾಯಿರಿ ಅಂದಿದ್ದಾರಲ್ಲ? ನಕಲು ತೆಗೆಯುವುದು ಅವರ ಎದುರೇ ಅಂತ..."

"ನಕಲು ಅವ ಬಂದ ಮೇಲೆ ತೆಗೆ. ನೋಡಲಿಕ್ಕೆ ಎಂತ, ಕಣ್ಣಿಗೆ ಸುಂಕ ಉಂಟಾ?"

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಜಲಜಾಕ್ಷಿಯ ತಾಯಿ ದಿನಕ್ಕೊಮ್ಮೆ ಹೇಳುತ್ತಿದ್ದರು. ಆ ಮಾತು ಆಕೆಗೆ ಯಾವಾಗಲೂ ಕೆಲಸ ಕೆಟ್ಟ ಮೇಲೆಯೇ ನೆನಪಾಗುವುದು.

ಪ್ರಾಪ್ತಿ ಪೆನ್‌ಡ್ರೈವ್ ಸಿಕ್ಕಿಸಿದಳು. ಜಲಜಾಕ್ಷಿ ಪ್ಲಗ್ಗು ಹಾಕಿ ಸ್ವಿಚ್ಚು ಅದುಮಿದಳು. ಪೆಟ್ಟಿಗೆಯೊಳಗೆ ಫ್ಯಾನು ತಿರುಗಿತು, ಪರದೆ ಬೆಳಗಿತು. ಕಪ್ಪು ಪರದೆಯ ಮೇಲೆ ಮೂಡಿದ್ದು ಕನ್ನಡ ಅಕ್ಷರ.

"ಯಂತ್ರಕ್ಕೂ ಕನ್ನಡ ಕಲಿಸಿದ್ದ," ಎಂದಳು ಪ್ರಾಪ್ತಿ. "ಊರಿನ ಯಂತ್ರ ಊರಿನ ಭಾಷೆಯಲ್ಲಿ ಮಾತಾಡಲಿ ಅಂತ ತಮಾಷೆ ಮಾಡ್ತಿದ್ದ."

ಪರದೆಯ ಮೇಲೆ ಒಂದೇ ಸಾಲು: ಬೋರ್ಡಿಲ್ಲದ ಮನೆ: ಒಂದು.

ಪ್ರಾಪ್ತಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು. "ಉಂಟು ಮೇಡಂ! ಹಾಗೇ ಉಂಟು!"

"ಇದ್ದರೆ ಎಂತ ಅರ್ಥ? ನಿಧಾನ ಹೇಳು."

"ನೀವು ಹೇಳಿದ ಹಾಗೆಯೇ, ಗುಡುಗಿಗೆ ಯಾರೋ ಪ್ಲಗ್ಗು ಕಿತ್ತಿದ್ದಾರೆ. ಆಗ ಇದು ಅರ್ಧದಲ್ಲಿ ನಿಂತಿದೆ. ಅದರ ನಂತರ..." ಅವಳು ಉಸಿರು ಎಳೆದುಕೊಂಡಳು. "ಅದರ ನಂತರ ಒಂದೇ ಒಂದು ಸಲ ಕರೆಂಟು ಬಂದಿದ್ದರೂ ಯಂತ್ರ ಎದ್ದು ಇದನ್ನು ಗುಡಿಸಿ ಆಗ್ತಿತ್ತು. ಗುಡಿಸಲಿಲ್ಲ. ಅಂದರೆ ಪ್ಲಗ್ಗು ಕಿತ್ತ ಮೇಲೆ ಈ ಪೆಟ್ಟಿಗೆಗೆ ಇಷ್ಟರವರೆಗೆ ಕರೆಂಟೇ ಬಂದಿಲ್ಲ."

ಜಲಜಾಕ್ಷಿ ಲೆಕ್ಕ ಹಾಕಿದಳು. ಆ ಸಂಜೆ ಸಿಡಿಲು ಟ್ರಾನ್ಸ್‌ಫಾರ್ಮರಿಗೆ ಬಡಿದು ಪಾಣೆಮಂಗಳೂರಿಗೇ ಕರೆಂಟು ಇರಲಿಲ್ಲ. ಬೆಳಿಗ್ಗೆ ಕರೆಂಟು ಬರುವ ಮೊದಲೇ ಪೊಲೀಸರು ಪ್ಲಗ್ಗು ಕಳಚಿ ಕೋಣೆಗೆ ಸೀಲು ಹಾಕಿದ್ದರು, ಅದನ್ನು ತೆಗೆದದ್ದು ಇವತ್ತೇ. ಹಾಗಾದರೆ ಫೋಟೋದಲ್ಲಿದ್ದ ಪ್ಲಗ್ಗನ್ನು ಯಾರೋ ಕರೆಂಟು ಇಲ್ಲದ ಹೊತ್ತಿನಲ್ಲಿ ತಂದು ಸಿಕ್ಕಿಸಿದ್ದಾರೆ. ಸತ್ತವನ ಕೈಯನ್ನು ಪೆಟ್ಟಿಗೆಯ ಮೇಲೆ ಇಟ್ಟಿದ್ದಾರೆ.

"ಪ್ಲಗ್ಗು ಕೀಳುವಾಗ ಶಿಶಿರ್ ಬದುಕಿದ್ದನಾ ಇಲ್ವಾ, ಅದು ಗೊತ್ತಾದರೆ ಸಾಕು," ಎಂದಳು. "ಬದುಕಿದ್ದ ಅಂತಾದರೆ ಅವನನ್ನು ಕೊಂದದ್ದು ಈ ಯಂತ್ರ ಅಲ್ಲ. ಸಂದೇಶನ ವೈರಿಂಗೂ ಅಲ್ಲ. ಅಂಗೈ ಸುಟ್ಟದ್ದು ಬೇರೆ ಯಾವುದರಿಂದಲೋ."

"ಗೊತ್ತಾಗ್ತದೆ. ಆ ಮನೆಯಲ್ಲಿ ಇರುವುದು ಒಂದು ಚಿತ್ರ." ಪ್ರಾಪ್ತಿ ಮೇಜಿನ ಮೇಲಿನ ಪುಟ್ಟ ಕ್ಯಾಮೆರಾ ತೋರಿಸಿದಳು. "ಪರೀಕ್ಷೆಗೆ ಅಂತ ಈ ಕೋಣೆಯದ್ದೇ ಚಿತ್ರ ಬಿಡದೆ ಬರೀತಿತ್ತು. ಹಿಂದಿನದ್ದೆಲ್ಲ ಅಳಿಸಿ ಹೊಸದು. ಉಳಿದದ್ದು ಇದೊಂದೇ, ಪ್ಲಗ್ಗು ಕಿತ್ತ ಕ್ಷಣದ್ದು."

ಮೋಹಿನಿ ಎದ್ದು ಬಂದು ಜಲಜಾಕ್ಷಿಯ ತೋಳು ಹಿಡಿದುಕೊಂಡಳು. "ನನ್ನ ತಮ್ಮ ಬರ್ತಾನಾ ಜಲಜಕ್ಕ?"

"ಬರ್ತಾನೆ ಮಾರಾಯ್ತಿ. ನೋಡ್ತಾ ಇರು."

ಮೋಹಿನಿ ಅಳತೊಡಗಿದಳು. ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಈಗ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಜಲಜಾಕ್ಷಿಗೆ ಅವಳ ಬೆನ್ನು ಸವರುವಾಗ ಹೊಟ್ಟೆ ತಂಪಾಯಿತು. ಇಂಥ ಒಂದು ಗಳಿಗೆಗಾಗಿಯೇ ತಾನು ಈ ಮಂಡಿ ಎಳೆದುಕೊಂಡು ಓಡಾಡುವುದು ಅನಿಸಿತು.

ಚಿತ್ರ ಮೇಲಿನಿಂದ ಕೆಳಗೆ, ಪಟ್ಟಿ ಪಟ್ಟಿಯಾಗಿ ಇಳಿಯಿತು. ಮೊದಲು ಮಾಡಿನ ಹಂಚು ಹೊತ್ತ ಪಕ್ಕಾಸು. ಕಿಟಕಿ, ಅದರಾಚೆ ಕಪ್ಪು ಮೋಡ. ಬಾಗಿಲಿನ ಮೇಲ್ಭಾಗ.

ಆಮೇಲೆ ಒಂದು ತಲೆ. ಕೆದರಿದ ಕೂದಲು, ಕನ್ನಡಕ.

"ಶಿಶಿರ್!" ಪ್ರಾಪ್ತಿ ಪರದೆಯತ್ತ ಕೈ ಚಾಚಿದಳು.

ನಿಂತಿದ್ದ. ಬದುಕಿದ್ದ. ಏನೋ ಹೇಳುತ್ತಿದ್ದವನಂತೆ ಬಾಯಿ ತೆರೆದಿತ್ತು. ಕಣ್ಣು ಮಾತ್ರ ಬಾಗಿಲಿನ ಕಡೆಗಿತ್ತು.

ಇನ್ನೊಂದು ಪಟ್ಟಿ ಇಳಿಯಿತು. ಗೋಡೆಯ ಬಳಿ ಯಾರೋ ಬಗ್ಗಿದ್ದರು, ಕ್ಯಾಮೆರಾಕ್ಕೆ ಬೆನ್ನು ಹಾಕಿ. ಮುಖ ಕಾಣುವುದಿಲ್ಲ. ಕೈ ಪ್ಲಗ್ಗಿನ ಮೇಲೆ. ನೀಲಿ ಚೌಕಳಿ ಅಂಗಿ, ಭುಜದ ಕೆಳಗೆ ಬೆನ್ನಿನ ಅಡ್ಡಕ್ಕೆ ಬೇರೆಯೇ ಕಂದು ಬಟ್ಟೆಯ ಪಟ್ಟಿ.

"ಯಾರಿದು?" ಎಂದಳು ಜಲಜಾಕ್ಷಿ. "ಎಂಥ ಅಂಗಿ ಮಾರಾಯ್ರೆ ಇದು, ಎರಡು ಬಟ್ಟೆಯದ್ದು?"

ತೋಳಿನ ಮೇಲಿದ್ದ ಮೋಹಿನಿಯ ಹಿಡಿತ ಸಡಿಲವಾಯಿತು.

"ಬಟ್ಟೆ ಕಡಿಮೆ ಬಿದ್ದಿತ್ತು," ಎಂದಳು ಮೋಹಿನಿ. ಯಾರಿಗೆ ಹೇಳುತ್ತಿದ್ದೇನೆ ಎಂಬ ಪರಿವೆಯೇ ಅವಳಿಗಿರಲಿಲ್ಲ. "ಬೆನ್ನಿಗೆ ಬೇರೆ ತುಂಡು ಹಾಕಿದೆ. ಯಾರು ಬೆನ್ನು ನೋಡ್ತಾರೆ ಅಕ್ಕ, ಪರವಾಗಿಲ್ಲ ಅಂದ..."

ಜಲಜಾಕ್ಷಿ ಅವಳ ಕಡೆ ತಿರುಗಿದಳು.

"ಮೋಹಿನೀ. ಗಂಜಿ ಬಡಿಸಿದ್ದು?"

ಮೋಹಿನಿ ಪರದೆಯ ಮೇಲಿನ ಕಂದು ಪಟ್ಟಿಯನ್ನು ಬೆರಳಿನಿಂದ ಮುಟ್ಟಿದಳು.

"ದೈವದ ಮೇಲೆ ಆಣೆ ಹಾಕಿದ್ದೆಯಲ್ಲ? ಆ ಸಂಜೆ ಅವ ಮನೆಯಲ್ಲಿ ಇರಲಿಲ್ವಾ?"

"ಕತ್ತಲಾದ ಮೇಲೆ ಬಂದ. ಮಳೆಗೆ ನೆನೆದು ಚಂಡಿಯಾಗಿ, ನಡುಗ್ತಾ ಇದ್ದ." ಮೋಹಿನಿಯ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. "ಎಲ್ಲಿಗೆ ಹೋಗಿದ್ದಿ ಅಂತ ಕೇಳಿದೆ. ಕೇಳಬೇಡ ಅಕ್ಕ, ಯಾರು ಕೇಳಿದರೂ ಮನೆಯಲ್ಲೇ ಇದ್ದ ಅಂತ ಹೇಳು ಅಂದ. ನಾನು ಅಂಗಿ ಒಗೆದು ಹಾಕಿದೆ."

ವೈರಿಂಗಿನ ಕೇಸಿನಿಂದ ಬಿಡಿಸಲು ಹೊರಟು, ತಾನೇ ಆ ಹುಡುಗನ ಕುತ್ತಿಗೆಗೆ ಕೊಲೆಯ ಹಗ್ಗ ತಂದು ಹಾಕಿದೆನಲ್ಲ! ಚಿತ್ರದ ಕೊನೆಯ ಪಟ್ಟಿಗಳು ಇಳಿಯುತ್ತಿದ್ದವು. ಜಲಜಾಕ್ಷಿಯ ಕಣ್ಣು ಅದನ್ನು ನೋಡುತ್ತಿತ್ತು, ತಲೆ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ಮೋಹಿನಿ ಗೋಡೆಗೆ ಹಾರಿದಳು.

ಪ್ಲಗ್ಗು ಕಿತ್ತ ಶಬ್ದ ಬಂತು. ಪರದೆ ಕಪ್ಪಾಯಿತು. ಫ್ಯಾನು ಗೊರಗೊರ ಎಂದು ನಿಂತಿತು.

"ಹೋಯ್ತು!" ಮೋಹಿನಿ ಏದುಸಿರು ಬಿಡುತ್ತಿದ್ದಳು, ಪ್ಲಗ್ಗು ಎದೆಗೆ ಒತ್ತಿಕೊಂಡು. "ಹೋಯ್ತು. ಇನ್ನು ಇಲ್ಲ."

"ಕಿತ್ತರೆ ಹೋಗುವುದಿಲ್ಲ ಮೋಹಿನಿಯಕ್ಕ," ಎಂದಳು ಪ್ರಾಪ್ತಿ, ಅಳುದನಿಯಲ್ಲಿ. "ಅದು ಮರೆಯುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ?"

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಮೋಹಿನಿಯ ಕಣ್ಣು ಕೈಯಲ್ಲಿದ್ದ ಪ್ಲಗ್ಗಿನಿಂದ ಗೋಡೆಯ ಮೂರು ತೂತಿಗೆ ಹೋಯಿತು. ಸ್ವಿಚ್ಚು ಆನ್ ಆಗಿಯೇ ಇತ್ತು.

"ಕಿತ್ತರೆ ಹೋಗುವುದಿಲ್ಲ," ಎಂದಳು ಮೆಲ್ಲಗೆ. "ಹಾಕಿದರೆ ಹೋಗ್ತದೆ."

"ಪೆನ್‌ಡ್ರೈವ್ ಉಂಟಲ್ಲ, ಅದಿದ್ದರೆ..." ಪ್ರಾಪ್ತಿ ಪೆಟ್ಟಿಗೆಯ ಕಡೆ ನೋಡಿ ಸ್ತಬ್ಧಳಾದಳು. ಸಿಕ್ಕಿಸಿದ ಜಾಗ ಖಾಲಿ ಇತ್ತು. ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ರೋಹಿತನ ಎಡಮುಷ್ಟಿ ಮುಚ್ಚಿತ್ತು.

"ಹಾಕಿಬಿಡಿ ಅಕ್ಕ," ಎಂದ ರೋಹಿತ್. ಇಷ್ಟು ಹೊತ್ತು ಒಣಗಿದ್ದ ಅವನ ಸ್ವರ ಈಗ ಜೇನಿನಷ್ಟು ಮೆತ್ತಗಾಗಿತ್ತು. "ನಿಮ್ಮ ತಮ್ಮನಿಗೋಸ್ಕರ. ಸತ್ತವ ಹೇಗೂ ತಿರುಗಿ ಬರುವುದಿಲ್ಲ. ನಾನು ಎಂತದೂ ನೋಡಿಲ್ಲ ಅಂತ ಹೇಳ್ತೇನೆ."

ಚಿಕ್ಕಮ್ಮನ ಮಗನನ್ನು ಕಳೆದುಕೊಂಡವನಿಗೆ ಕೊಂದವನ ಮೇಲೆ ಇಷ್ಟು ಕರುಣೆಯೇ?

ಆಗ ಜಲಜಾಕ್ಷಿಯ ತಲೆ, ಕಣ್ಣು ಆಗಲೇ ನೋಡಿದ್ದನ್ನು ಈಗ ನೋಡಿತು. ಶಿಶಿರನ ದೃಷ್ಟಿ ಬಗ್ಗಿದವನ ಮೇಲೆ ಇರಲಿಲ್ಲ, ಬಾಗಿಲಿನ ಮೇಲಿತ್ತು. ಕೊನೆಯ ಪಟ್ಟಿಯಲ್ಲಿ, ಅರ್ಧ ತೆರೆದ ಬಾಗಿಲಿನ ಸಂದಿಯಲ್ಲಿ, ಚಿಲಕದ ಮೇಲೆ ಒಂದು ಕೈ ಇತ್ತು. ಎಡಗೈ. ಮಣಿಕಟ್ಟಿನಲ್ಲಿ ಅಗಲ ಪಟ್ಟಿಯ ದೊಡ್ಡ ವಾಚು.

ಆಕೆಯ ಕಣ್ಣು ರೋಹಿತನ ಮುಚ್ಚಿದ ಮುಷ್ಟಿಗೆ, ಅದರ ಮೇಲಿನ ಬಿಳಿ ಪಟ್ಟಿಗೆ ಹೋಗಿ ಅಂಟಿತು.

"ಮೋಹಿನೀ, ಬೇಡ!" ಜಲಜಾಕ್ಷಿ ಕಿರುಚಿದಳು. "ಆ ಚಿತ್ರದಲ್ಲಿ ಇನ್ನೊಬ್ಬ ಇದ್ದಾನೆ! ನಿನ್ನ ತಮ್ಮನನ್ನು ಉಳಿಸುವುದು ಅದೊಂದೇ!"

"ನನ್ನನ್ನು ಮರುಳು ಮಾಡಬೇಡಿ ಜಲಜಕ್ಕ." ಮೋಹಿನಿಯ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಒಣಗಿರಲಿಲ್ಲ. "ನೀವು ಪೊಲೀಸಿನವರೇ ಅಲ್ವಾ ಕೊನೆಗೆ?"

ಜಲಜಾಕ್ಷಿ ಮುಂದಕ್ಕೆ ಹಾರಿದಳು. ಸವೆದ ಮಂಡಿ ಕೈಕೊಟ್ಟಿತು.

ಹೊರಗೆ, ನೇತ್ರಾವತಿ ಹೊಳೆಯ ಮೇಲೆ ಗುಡುಗು ಉರುಳಿತು. ಹುಟ್ಟಿದಂದಿನಿಂದ ಆ ಸದ್ದಿಗೆ ಪ್ಲಗ್ಗು ಕೀಳುತ್ತ ಬಂದ ಕೈ, ಇಂದು ಅದೇ ಸದ್ದಿಗೆ ಪ್ಲಗ್ಗನ್ನು ಒಳಗೆ ಒತ್ತಿತು.

ಪೆಟ್ಟಿಗೆಯ ಫ್ಯಾನು ತಿರುಗಿತು. ಪರದೆ ಬೆಳಗಿತು. ನೆಲದ ಮೇಲೆ ಬಿದ್ದಲ್ಲಿಂದಲೇ ಜಲಜಾಕ್ಷಿ ಶಿಶಿರ್ ಬರೆದ ಸಾಲನ್ನು ಓದಿದಳು.

ಬೋರ್ಡಿಲ್ಲದ ಮನೆ: ಒಂದು. ಗುಡಿಸಲಾಗುತ್ತಿದೆ.